ಆ ಖನಿಜದ ಮಾತ್ರೆ ತಗೊಳ್ಳೋ ಮುಂಚೆ

ಪ್ರೀತಿಯ ಪುಟ್ಟಿ,

ಉರಿಯೂತದಿಂದ ಕ್ಯಾನ್ಸರ್ ಬರುತ್ತಾ, ಖನಿಜದ ಮಾತ್ರೆ ನುಂಗಿದರೆ ತಪ್ಪುತ್ತಾ ಅಂತ ಕೇಳಿದ್ದೀಯ. ಮೊದಲನೆಯ ಮಾತಿನಲ್ಲಿ ನಿಜ ಇದೆ. ಎರಡನೆಯದಕ್ಕೆ ದುಡ್ಡು ಸುರಿಯುವ ಮುಂಚೆ ಇದನ್ನು ಓದು.

ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದೂ ಉರಿಯೂತವೇ. ಅದು ಬೇಕು. ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಲ್ಲುತ್ತವೆ, ಹೊಸ ಜೀವಕೋಶ ಬೆಳೆಯಲು ಸೂಚನೆ ಕೊಡುತ್ತವೆ. ಕೆಲಸ ಮುಗಿದರೆ ಎಲ್ಲ ತಣ್ಣಗಾಗುತ್ತದೆ. ಆ ಬಿಳಿ ರಕ್ತಕಣಗಳು ವರ್ಷಗಟ್ಟಲೆ ಅಲ್ಲೇ ಬೀಡುಬಿಟ್ಟರೆ ತೊಂದರೆ. ರೋಗಾಣು ಕೊಲ್ಲಲು ಅವು ಬಿಡುವ ರಾಸಾಯನಿಕಗಳು ನಮ್ಮದೇ ಡಿಎನ್‌ಎಗೂ ಪೆಟ್ಟು ಕೊಡುತ್ತವೆ. ಬೆಳೆಯುವ ಸೂಚನೆಯೂ ನಿಲ್ಲುವುದಿಲ್ಲ, ಕೆಟ್ಟ ಕೋಶವೂ ಅದನ್ನು ಕೇಳಿ ಬೆಳೆಯುತ್ತದೆ. ಗಡ್ಡೆಗಳೊಳಗೆ ಬಿಳಿ ರಕ್ತಕಣ ಕಂಡ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1863ರಲ್ಲೇ ಈ ನಂಟನ್ನು ಊಹಿಸಿದ್ದರು. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಲಿವರ್‌ನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ಹೀಗೇ ವರ್ಷಾನುಗಟ್ಟಲೆ ಕಾಡುತ್ತವೆ. ಹಾಗಂತ ಉರಿಯೂತ ಇರುವವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಸುಮ್ನೆ ಹೆದರಬೇಡ.

ಇನ್ನು ಖನಿಜ. ಕಬ್ಬಿಣವನ್ನೇ ತಗೋ. ಕಡಿಮೆಯಾದರೆ ರಕ್ತಹೀನತೆ. ಜಾಸ್ತಿಯಾದರೆ ಅದೇ ಕಬ್ಬಿಣ ಕೋಶದೊಳಗಿನ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಡಿಎನ್‌ಎ ಮುರಿಯುವಂಥ ಕಣಗಳನ್ನು ಹುಟ್ಟಿಸುತ್ತದೆ. ಹೀಮೋಕ್ರೊಮಟೋಸಿಸ್ ಅನ್ನುವ ವಂಶಪಾರಂಪರ್ಯ ಕಾಯಿಲೆಯಲ್ಲಿ ಲಿವರ್ ತುಂಬ ಕಬ್ಬಿಣ ಕೂಡಿಕೊಂಡು ಕೊನೆಗೆ ಲಿವರ್ ಕ್ಯಾನ್ಸರ್ ಬರುವ ಅಪಾಯವೂ ಇದೆ. ‘ಖನಿಜ ಒಳ್ಳೆಯದು’ ಅಂತ ಮಾರುವವರು ಈ ಅರ್ಧವನ್ನು ಹೇಳುವುದೇ ಇಲ್ಲ.

ಸೆಲೆನಿಯಂ ಕತೆ ಇನ್ನೂ ಚೆನ್ನಾಗಿದೆ. 2001ರಲ್ಲಿ ‘ಸೆಲೆಕ್ಟ್’ ಅನ್ನುವ ಪರೀಕ್ಷೆ ಶುರುವಾಯಿತು. 35,000ಕ್ಕೂ ಹೆಚ್ಚು ಗಂಡಸರು. ಕೆಲವರಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಹೋಲಿಸಿ ನೋಡಲು ಔಷಧವೇ ಇಲ್ಲದ ಬರೀ ಸುಳ್ಳು ಮಾತ್ರೆ. ಪ್ರಾಸ್ಟೇಟ್ ಕ್ಯಾನ್ಸರ್ ತಪ್ಪುತ್ತದೆ ಅಂತ ಆಸೆ. ಲಾಭ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ನೋಡಿದರೆ ವಿಟಮಿನ್ ಇ ಮಾತ್ರ ತಗೊಂಡವರಲ್ಲಿ ಆ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ!

ನಿನಗೆ ಸುಸ್ತು ಅಂತೀಯಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸು. ಒಂದು ವಿಷಯ ನೆನಪಿರಲಿ, ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್, ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್, ರಕ್ತದಲ್ಲಿ ಮೇಲೇರುತ್ತದೆ. ಕಬ್ಬಿಣ ಕಡಿಮೆ ಇದ್ದರೂ ರಿಪೋರ್ಟ್ ಸರಿಯಾಗಿಯೇ ಕಾಣಬಹುದು. ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ ರಕ್ತ ಪರೀಕ್ಷೆಯನ್ನೂ ಮಾಡಬೇಕಾ ಅಂತ ಡಾಕ್ಟರನ್ನು ಕೇಳು. ಹೆಪಟೈಟಿಸ್ ಬಿ ಲಸಿಕೆ ನಿನಗೆ ಹಾಕಿಸಿದ್ದೇವೆ, ಆ ಚಿಂತೆ ಬೇಡ.

ಆ ಮಾತ್ರೆ ಡಬ್ಬಿಯ ಹಿಂದಿನ ಲೇಬಲ್ ಫೋಟೋ ಕಳಿಸು. ಸೆಲೆನಿಯಂ, ಕಬ್ಬಿಣ ಎಷ್ಟೆಷ್ಟು ಹಾಕಿದ್ದಾರೆ ನೋಡೋಣ.

ನಿನ್ನ ಅಮ್ಮ