ಜೋಕುಮಾರನ ಮುಖ: ಭಾನುವಾರಕ್ಕೆ ಮುಂಚೆ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಸಲ ಮಾಡುವುದು ಉತ್ತರ ಕರ್ನಾಟಕದ ಜನಪದ ದೇವರು ಜೋಕುಮಾರನ ಮಣ್ಣಿನ ಮುಖ. ತಿಗರಿ (ಕುಂಬಾರನ ಚಕ್ರ) ಬೇಡ, ಎಲ್ಲ ಕೈಯಲ್ಲೇ. ತಲಾ 2 ಕೆಜಿ ಜೇಡಿಮಣ್ಣು ತನ್ನಿ. ಐದು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಹೆಂಚಿನ ಪುಡಿ ಕಲಸಿರಬೇಕು. ಬರೀ ನುಣ್ಣನೆ ಮಣ್ಣಾದರೆ ಒಣಗುವಾಗ ಮೂಗಿನ ಬುಡದಲ್ಲೇ ಬಿರುಕು ಬಿಡುತ್ತದೆ.

ಬೆರಳುಗಾತ್ರದ ಸುರುಳಿಗಳನ್ನು ಒಂದರ ಮೇಲೊಂದು ಕೂರಿಸಿ, ಒಳಗೂ ಹೊರಗೂ ತೀಡುತ್ತಾ ಟೊಳ್ಳಾಗಿ ಏರಿಸಿ. ಗೋಡೆ 8ರಿಂದ 10 ಮಿ.ಮೀ. ಸಾಕು. ಅಗಲ ಕಣ್ಣು, ತೆರೆದ ಬಾಯಿ ಇಲ್ಲದಿದ್ದರೆ ಅವನು ಜೋಕುಮಾರನೇ ಅಲ್ಲ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮನೆಮನೆಗೆ ಬರುವವನ ಬಾಯಿಗೆ ಬೆಣ್ಣೆ ಸವರುವುದು ವಾಡಿಕೆ, ಹಾಗಾಗಿ ತುಟಿ ದಪ್ಪಗೆ ಮುಂದೆ ಚಾಚಿರಲಿ. ಬಾಯಿ ಒಳತನಕ ತೂತಾಗಿರಲಿ, ಹಬೆ ಹೋಗುವುದಕ್ಕೂ ಅದೇ ದಾರಿ.

ಮೀಸೆ, ಕಿವಿ ಕೂರಿಸುವಾಗ ಎರಡೂ ಮೈ ಗೀರಿ, ಅದೇ ಮಣ್ಣಿನ ಗಟ್ಟಿ ರಾಡಿ ಹಚ್ಚಿ ಒತ್ತಿ. ಆರಿದ ಮುಖಕ್ಕೆ ಹಸಿ ಮೀಸೆ ಅಂಟಿಸಬೇಡಿ. ಮೀಸೆ ಕುಗ್ಗುತ್ತದೆ, ಮುಖ ಕುಗ್ಗುವುದಿಲ್ಲ, ಮಾರನೇ ದಿನ ಕಳಚಿ ಬಿದ್ದಿರುತ್ತದೆ.

ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ 10–12 ದಿನ ನೆರಳಲ್ಲಿಡಿ. ಕೆನ್ನೆಗೆ ಮುಟ್ಟಿಸಿದಾಗ ತಣ್ಣಗಿದ್ದರೆ ಇನ್ನೂ ನೀರಿದೆ ಎಂದರ್ಥ, ಅಂಥದ್ದನ್ನು ಆವಿಗೆಗೆ (ಮಣ್ಣಿನ ಕೆಲಸ ಸುಡುವ ಗೂಡಿಗೆ) ತರಬೇಡಿ: ಸಿಡಿದರೆ ಪಕ್ಕದವರ ಕೆಲಸವೂ ಹಾಳು. ಆವಿಗೆಯ ಬಿಸಿಯನ್ನು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಗಂಟೆಗೆ 50ರಂತೆ ಮಾತ್ರ ಏರಿಸಿ, 950ಕ್ಕೆ ನಿಲ್ಲಿಸುತ್ತೇವೆ.

ಹಬ್ಬಕ್ಕೆ ಬೇಕಾದವರು ಬೇರೊಂದನ್ನು ಸುಡದೆ ಇಟ್ಟುಕೊಳ್ಳಿ. ಏಳು ದಿನ ಬಾಳಿ ಹೋಗುವ ಜೋಕುಮಾರ ಹಸಿಮಣ್ಣಿನವನು. ಸುಟ್ಟದ್ದು ನೀರಲ್ಲಿ ಕರಗುವುದಿಲ್ಲ.