ಮಗಳಿಗೊಂದು ಪತ್ರ: ರಾಯಚೂರಿನ ಬಿಸಿಲಿಗೆ ಹೊರಡುವ ಮುಂಚೆ

ಪುಟ್ಟೀ,

ಮೇ ಮೊದಲ ವಾರ ರಾಯಚೂರಿನ ಹೊಲಗಳಲ್ಲಿ ಮಣ್ಣಿನ ಸರ್ವೆ ಅಂದೆಯಲ್ಲ, ಅಲ್ಲಿ ಸೂರ್ಯ ನೆತ್ತಿಗೆ ಬರುವುದೂ ಸರಿಯಾಗಿ ಆಗಲೇ. ಮಧ್ಯಾಹ್ನ 12.15ರ ಹೊತ್ತಿಗೆ ನೆರಳು ಕಾಲಡಿ ಸೇರಿಬಿಡುತ್ತದೆ. ನೆರಳು ನಿನಗಿಂತ ಗಿಡ್ಡವಾಯಿತೆಂದರೆ ನೇರಳಾತೀತ ಕಿರಣ ಜೋರಾಯಿತು ಅಂತಲೇ ತಿಳಿ. ಆ ದಿನಗಳಲ್ಲಿ ಬೆಳಿಗ್ಗೆ 9 ದಾಟುತ್ತಲೇ ಶುರು, 3.30ರವರೆಗೂ ಅದೇ ಪಾಡು. ಗುಂಡಿ ತೋಡುವುದನ್ನೆಲ್ಲ 6ರಿಂದ 9ರೊಳಗೆ ಮುಗಿಸಿ, ಚೀಟಿ ಅಂಟಿಸುವುದು, ಬರೆಯುವುದು ಬೇವಿನ ಮರದಡಿ ಇಟ್ಟುಕೊಳ್ಳಿ. ಗಾಳಿ ಬೀಸಿ ತಂಪಾಗಿದೆ, ತೆಳು ಮೋಡ ಇದೆ ಅಂತ ಮೋಸಹೋಗಬೇಡ. ಚರ್ಮ ಸುಡುವುದು ಕಾವಲ್ಲ, ಕಿರಣ.

ಆ ಬಿಳಿ ತೆಳು ಕುರ್ತಾ ಬೆಳಕಿಗೆ ಹಿಡಿದು ನೋಡು. ಹಿಂದಿನ ಬೆರಳು ಕಂಡರೆ ಕಿರಣವೂ ನುಸುಳುತ್ತದೆ, ಬೆವರಿಗೆ ಒದ್ದೆಯಾದರಂತೂ ಇನ್ನೂ ಹೆಚ್ಚು. ಒತ್ತು ನೇಯ್ಗೆಯ, ಗಾಢ ಬಣ್ಣದ, ಸಡಿಲವಾದ ತುಂಬುತೋಳಿನ ಅಂಗಿ ಒಳ್ಳೆಯದು. ಕ್ಯಾಪ್ ಬೇಡವೇ ಬೇಡ. ಬಗ್ಗಿ ಅಗೆಯುವಾಗ ಬಿಸಿಲು ಬೀಳುವುದು ಕತ್ತಿನ ಹಿಂದೆ, ಕಿವಿಯ ಮೇಲೆ. ಸುತ್ತಲೂ ಮೂರು ಇಂಚು ಅಂಚಿರುವ ಟೋಪಿ ತಗೋ.

ಸನ್‌ಸ್ಕ್ರೀನ್‌ನಲ್ಲಿ ಎಲ್ಲರೂ ಎಡವುವುದು ಅಳತೆಯಲ್ಲಿ. ಎಸ್‌ಪಿಎಫ್ ಅಂದರೆ ಟ್ಯೂಬಿನ ಮೇಲಿರುವ ರಕ್ಷಣೆಯ ಅಂಕ; ಅದು 30 ಇದ್ದರೆ ಚರ್ಮ ಸುಡುವ ಯುವಿ-ಬಿ ಎಂಬ ನೇರಳಾತೀತ ಕಿರಣದ ಶೇ. 97ರಷ್ಟು ತಡೆಯುತ್ತದೆ, 50 ಆದರೆ ಶೇ. 98. ಆದರೆ ಆ ಲೆಕ್ಕ ಚದರ ಸೆಂ.ಮೀ.ಗೆ 2 ಮಿಲಿಗ್ರಾಂ ಹಚ್ಚಿದರೆ ಮಾತ್ರ. ನಾವು ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆದಷ್ಟು ಮುಖಕ್ಕೂ ಕತ್ತಿಗೂ ಬೇಕು. ಹೊರಡುವ 20 ನಿಮಿಷ ಮುಂಚೆ ಹಚ್ಚು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚು. ದುಪಟ್ಟಾದಿಂದ ಮುಖ ಒರೆಸಿಕೊಂಡೆಯೋ, ಅದೂ ಹೋಯಿತು; ಮತ್ತೆ ಹಚ್ಚಲೇಬೇಕು. ಚರ್ಮದ ಆಳಕ್ಕಿಳಿಯುವ ಇನ್ನೊಂದು ಬಗೆಯ ನೇರಳಾತೀತ ಕಿರಣ ಯುವಿ-ಎ; ಅದಕ್ಕಾಗಿ ಟ್ಯೂಬಿನ ಮೇಲೆ ಪಿಎ ಅನ್ನುವ ಗುರುತಿನ ಪಕ್ಕ ಮೂರು ಪ್ಲಸ್ಸಾದರೂ ಇರಲಿ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಕಾವಿಗೆ ಕೆಡುತ್ತದೆ.

ಇನ್ನೊಂದು, ಯಾರೂ ಹೇಳದ್ದು. ಹೊಲದಲ್ಲಿ ನಿಂತು ಪಾನಕಕ್ಕೆ ನಿಂಬೆಹಣ್ಣು ಹಿಂಡಿದರೆ ಕೂಡಲೇ ಸೋಪು ಹಾಕಿ ಕೈ ತೊಳಿ. ರಸ ಅಂಟಿದ ಚರ್ಮಕ್ಕೆ ಬಿಸಿಲು ತಾಗಿದರೆ ಒಂದೆರಡು ದಿನದಲ್ಲಿ ಉರಿ, ಗುಳ್ಳೆ, ಆಮೇಲೆ ವಾರಗಟ್ಟಲೆ ಕಪ್ಪು ಕಲೆ. ಮೊಡವೆಗೆ ನುಂಗುವ ಡಾಕ್ಸಿಸೈಕ್ಲಿನ್ ಕೂಡ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ, ಹೊರಡುವ ಮುಂಚೆ ಡಾಕ್ಟರನ್ನು ಕೇಳು.

ಜೊತೆಯವರು ಯಾರಾದರೂ ತೊದಲಿದರೆ, ಗಲಿಬಿಲಿಗೊಂಡರೆ, ಮೈ ಕೆಂಡದಂತಿದ್ದರೆ ಅದು ಬರೀ ಸುಸ್ತಲ್ಲ, ಬಿಸಿಲಾಘಾತ. ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಸಬೇಡಿ.

ಟೋಪಿಗೆ ಗದ್ದದ ದಾರ ಹೊಲಿಸಿಕೋ, ಬಯಲಲ್ಲಿ ಗಾಳಿಗೆ ಹಾರಿಹೋದೀತು.

ಅಮ್ಮ