ಬಾಲ್ಮಮೂಸದ ಆಜ್ಞೆ: ಅಪ್ಪನಿಗೆ ಬರೆದ ಪತ್ರ

ಯೊಕೊಹಾಮ

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ನಿಮ್ಮ ಮತ್ತು ಅಮ್ಮನ ಆರೋಗ್ಯದ ವಿಷಯ ಬರೆಯಬೇಕು.

ರಾತ್ರಿ ಊಟವಾದ ಮೇಲೆ ನಾನು ವಿಡಿಯೋ ಗೇಮ್ ಆಡುತ್ತಾ ಕೂರುತ್ತೇನೆಂದು ನಿಮ್ಮ ಸೊಸೆ ದೂರು ಹೇಳಿದಾಗ, ನೀವು ಗದರಿಸದೆ ಅದರಲ್ಲಿ ಅಂಥದ್ದೇನಿದೆ ಎಂದಷ್ಟೇ ಕೇಳಿದಿರಿ. ಅದು ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಆಟದ ಹೆಸರು ಟ್ಯಾಕ್ಟಿಕ್ಸ್ ಓಗರ್. ಯಸುಮಿ ಮತ್ಸುನೊ ಎಂಬುವರ ನಿರ್ದೇಶನದಲ್ಲಿ ಇಲ್ಲಿ ಜಪಾನಿನಲ್ಲೇ ತಯಾರಾಗಿ, 1995ರ ಅಕ್ಟೋಬರ್‌ನಲ್ಲಿ ಮೊದಲು ಮಾರಾಟಕ್ಕೆ ಬಂತು. ನಾನು ಆಡುತ್ತಿರುವುದು 2022ರಲ್ಲಿ ಹೊಸದಾಗಿ ರೂಪಿಸಿದ ಆವೃತ್ತಿ. ವಲೇರಿಯಾ ಎಂಬ ದ್ವೀಪಸಮೂಹವನ್ನು ಒಂದುಗೂಡಿಸಿ ಆಳಿದ ರಾಜ ತೀರಿಕೊಂಡ ಮೇಲೆ ಅಲ್ಲಿನ ಮೂರು ಜನಾಂಗಗಳು ಪರಸ್ಪರ ಕತ್ತಿ ಹಿರಿಯುತ್ತವೆ. ಬಹುಸಂಖ್ಯಾತರು ಗಾಲ್ಗಸ್ತಾನಿಗಳು, ಹೊರಗಿನ ಸಾಮ್ರಾಜ್ಯವೊಂದರ ಬೆಂಬಲ ಪಡೆದವರು ಬಾಕ್ರಮ್‌ಗಳು, ಇಬ್ಬರ ನಡುವೆ ನಲುಗಿದವರು ವಾಲಿಸ್ಟರ್‌ಗಳು. ನಾವು ನಡೆಸಬೇಕಾದ ಹುಡುಗ ಡೆನಮ್ ಈ ಕೊನೆಯ ಗುಂಪಿನವನು. ಅವನ ಜೊತೆಗಿರುವವರು ಅಕ್ಕ ಕಾಚುವಾ ಮತ್ತು ಬಾಲ್ಯದ ಗೆಳೆಯ ವೈಸ್. ಒಡೆಯುತ್ತಿದ್ದ ಯುಗೊಸ್ಲಾವಿಯಾದ ಯುದ್ಧಗಳೇ ಈ ಕಥೆಗೆ ಪ್ರೇರಣೆಯೆಂದು ಮತ್ಸುನೊ ಹೇಳಿದ್ದಾರೆ. ಇತಿಹಾಸ ಪಾಠ ಮಾಡಿದ ನಿಮಗೆ ಆ ಯುದ್ಧಗಳಲ್ಲೇ ಬೋಸ್ನಿಯಾದ ಸ್ರೆಬ್ರೆನಿಕಾ ಪಟ್ಟಣದ ಹತ್ಯಾಕಾಂಡ ನಡೆದದ್ದು ಆಟ ಮೊದಲು ಬಂದ 1995ರ ಜುಲೈಯಲ್ಲಿ ಎಂಬುದು ನೆನಪಿರಬಹುದು. ಕಥೆ ಅದಕ್ಕೂ ಮುಂಚೆಯೇ ಸಿದ್ಧವಾಗಿರಬೇಕು, ಆದರೂ ಆ ಎರಡು ತಿಂಗಳುಗಳ ಹೆಸರನ್ನು ಒಟ್ಟಿಗೆ ಓದಿದಾಗ ನನಗೆ ಮೈ ಜುಮ್ಮೆಂದಿತು.

ಮೊದಲ ಅಧ್ಯಾಯದ ಕೊನೆಯಲ್ಲಿ ಡೆನಮ್‌ನನ್ನು ಬಾಲ್ಮಮೂಸ ಎಂಬ ಊರಿಗೆ ಕಳಿಸುತ್ತಾರೆ. ಗಾಲ್ಗಸ್ತಾನಿಗಳು ಕೂಡಿಹಾಕಿ ದುಡಿಸಿಕೊಳ್ಳುತ್ತಿರುವ ವಾಲಿಸ್ಟರ್ ಜನ, ಅಂದರೆ ಅವನ ಸ್ವಂತ ಜನ, ಅಲ್ಲಿದ್ದಾರೆ. ಅವರನ್ನು ದಂಗೆ ಎಬ್ಬಿಸಬೇಕೆಂಬುದು ವಾಲಿಸ್ಟರ್‌ಗಳ ನಾಯಕ ರಾನ್‌ವೇಯ ಉದ್ದೇಶ. ಯುದ್ಧದಿಂದ ಬೇಸತ್ತ ಆ ಜನ ಒಪ್ಪುವುದಿಲ್ಲ. ಆಗ ಗುಪ್ತ ಆಜ್ಞೆ ಹೊರಬೀಳುತ್ತದೆ: ಅವರನ್ನೆಲ್ಲ ಕೊಂದುಹಾಕಿ ಅಪವಾದವನ್ನು ಗಾಲ್ಗಸ್ತಾನಿಗಳ ತಲೆಗೆ ಕಟ್ಟಿದರೆ, ಉಳಿದ ವಾಲಿಸ್ಟರ್‌ಗಳು ರೊಚ್ಚಿಗೆದ್ದು ಹೋರಾಟಕ್ಕೆ ಇಳಿಯುತ್ತಾರೆ. ಒಪ್ಪುವುದೋ ನಿರಾಕರಿಸುವುದೋ ಎಂದು ಆಟ ನಮ್ಮನ್ನೇ ಕೇಳುತ್ತದೆ.

ನಾನು ನಿರಾಕರಿಸಿದೆ. ಊರು ಉಳಿಯಲಿಲ್ಲ. ವೈಸ್ ಆಜ್ಞೆಯನ್ನು ಒಪ್ಪಿಕೊಂಡ, ಕೊಲೆ ನಡೆದೇ ಹೋಯಿತು, ಅದರ ಕಳಂಕವನ್ನು ಹೊತ್ತು ತಲೆಮರೆಸಿಕೊಳ್ಳಬೇಕಾದವನು ಡೆನಮ್. ಒಪ್ಪಿದ್ದರೆ ಇದೇ ವೈಸ್ ನ್ಯಾಯದ ಪರವಾಗಿ ನಿಂತು ನಮಗೆ ಎದುರಾಳಿಯಾಗುತ್ತಿದ್ದ. ಅವನೊಬ್ಬ ದುಷ್ಟನಲ್ಲ; ಡೆನಮ್ ಯಾವ ಕಡೆ ಹೋದರೂ ಅವನಿಗೆ ಅದರ ವಿರುದ್ಧದ ಕಡೆಯೇ ಬೇಕು. ಒಳ್ಳೆಯದನ್ನು ಆರಿಸಿದ ಆಟಗಾರನಿಗೆ ಬಹುಮಾನ ಕೊಡುವ ಆಟಗಳನ್ನೇ ಆಡಿ ಬೆಳೆದ ನನಗೆ, ನನ್ನ ನಿರಾಕರಣೆಯಿಂದ ಒಬ್ಬನ ಪ್ರಾಣವೂ ಉಳಿಯದೆ, ಆ ಪಾಪದಲ್ಲಿ ನನ್ನ ಕೈ ಇತ್ತೇ ಇಲ್ಲವೇ ಎಂಬುದಷ್ಟೇ ಇತ್ಯರ್ಥವಾದದ್ದು ಅರಗಿಸಿಕೊಳ್ಳಲು ಕಷ್ಟವಾಯಿತು. ಹಾಗಾದರೆ ನಿರಾಕರಣೆಗೆ ಬೆಲೆ ಇಲ್ಲವೇ? ಇದೆ ಎಂದೇ ನಾನು ನಂಬುತ್ತೇನೆ, ಆದರೆ ಕಾರಣ ಕೇಳಿದರೆ ಈಗಲೂ ತಡವರಿಸುತ್ತೇನೆ.

ಯುದ್ಧದ ಭಾಗ ಚೌಕಗಳ ಮೇಲೆ ನಡೆಯುವುದರಿಂದ ಚದುರಂಗ ಬಲ್ಲ ನಿಮಗೆ ಸುಲಭವಾಗಿ ಹಿಡಿಸೀತು. ಆದರೆ ಇಲ್ಲಿ ನೆಲ ಸಮತಟ್ಟಲ್ಲ. ಗುಡ್ಡದ ಮೇಲೋ ಮನೆಯ ಮಾಡಿನ ಮೇಲೋ ನಿಂತ ಬಿಲ್ಲುಗಾರನ ಬಾಣ ಬಹು ದೂರ ಹೋಗುತ್ತದೆ, ಸೈನಿಕ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾನೆಂಬುದೂ ಲೆಕ್ಕಕ್ಕೆ ಬರುತ್ತದೆ. ಬಿದ್ದವನನ್ನು ಎಣಿಕೆ ಮುಗಿಯುವುದರೊಳಗೆ ಎಬ್ಬಿಸದಿದ್ದರೆ ಅವನು ಸತ್ತಂತೆಯೇ, ಮುಂದಿನ ಯುದ್ಧಕ್ಕೆ ಸಿಗುವುದಿಲ್ಲ. ಇಷ್ಟು ನಿಷ್ಠುರವಾದ ಆಟದಲ್ಲಿ ಇಟ್ಟ ಹೆಜ್ಜೆಗಳನ್ನು ಹಿಂದಕ್ಕೆ ಪಡೆಯುವ ಸೌಲಭ್ಯವನ್ನೂ ಏಕೆ ಕೊಟ್ಟರೋ! ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂದು ಪಟ್ಟು ಹಿಡಿಯುತ್ತಿದ್ದ ನಿಮ್ಮ ಕೈಯಲ್ಲಿ ಕಲಿತ ನಾನು ಅದನ್ನು ಬಳಸುವುದಿಲ್ಲ.

ಕಥೆ ಮುಂದೆ ಇನ್ನಷ್ಟು ಕತ್ತಲಾಗುತ್ತದೆ. ತಮ್ಮ ತನ್ನನ್ನು ಬಿಟ್ಟು ಯುದ್ಧವನ್ನೇ ಆರಿಸಿಕೊಂಡನೆಂಬ ನೋವಿನಲ್ಲಿ ಕಾಚುವಾ ದೂರವಾಗುತ್ತಾಳೆ, ಮತ್ತೆ ಎದುರಾದಾಗ ಆಡುವ ಮಾತು ತಪ್ಪಿದರೆ ಅವಳನ್ನು ಶಾಶ್ವತವಾಗಿ ಕಳೆದುಕೊಳ್ಳಬೇಕಾಗುತ್ತದೆ. ಈ ಭಾಗವನ್ನು ಅಕ್ಕನಿಗೆ ಹೇಳಬೇಡಿ, ಅವಳಾಗಲೇ ನಾನು ಫೋನ್ ಮಾಡುವುದಿಲ್ಲವೆಂದು ಮುನಿಸಿಕೊಂಡಿದ್ದಾಳೆ.

ಬರುವ ರಜೆಗೆ ಊರಿಗೆ ಬರುವಾಗ ಗೇಮ್ ಯಂತ್ರವನ್ನು ತರುತ್ತೇನೆ. ಬಾಲ್ಮಮೂಸದವರೆಗಿನ ಯುದ್ಧಗಳನ್ನು ನಾನು ಆಡಿ ದಾಟಿಸುತ್ತೇನೆ. ಅಲ್ಲಿ ಕೇಳುವ ಪ್ರಶ್ನೆಗೆ ಉತ್ತರವನ್ನು ನೀವು ಆರಿಸಬೇಕು, ನಾನು ಬಾಯಿ ಹಾಕುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬಯಸುವ
ಮಗ